ಎದೆಯ ಮೇಲಿಟ್ಟ ಕೈ

ನನ್ನ ಕ್ಲಿನಿಕ್ಕಿನ ಬೀರುವಿನಲ್ಲಿ ಒಂದು ಕರಿ ಕಂಬಳಿ ಇದೆ. ಅದನ್ನು ಮಡಿಸಿ ಕೆಳಗಿನ ಅರೆಯಲ್ಲಿಟ್ಟು ಒಂದು ಮಳೆಗಾಲ ಕಳೆಯಿತು. ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡಾಗಲೆಲ್ಲ, ಯಾರಿಗೆ ಕೊಡಲಿ ಎಂಬ ಯೋಚನೆಗೇ ಮೈ ಜುಮ್ಮೆನ್ನುತ್ತದೆ. ನಮ್ಮ ನರ್ಸ್ ಮಾರಿಯಾ ಹತ್ತಿ, ಬ್ಯಾಂಡೇಜು ಎಲ್ಲವನ್ನೂ ಬೇರೆ ಬೀರುವಿಗೆ ಸಾಗಿಸಿದ್ದಾಳೆ. ಕೇಳಿದರೆ, "ಅಲ್ಲಿ ಕುರಿ ವಾಸನೆ ಮೇಡಂ" ಎನ್ನುತ್ತಾಳೆ. ವಾಸನೆಗೆ ಹಿಂಜರಿಯುವ ಹೆಂಗಸಲ್ಲ ಅವಳು. ರಸೆಲ್ ಮಾರುಕಟ್ಟೆಯ ಮೀನಿನ ಸಾಲಿನ ಹಿಂದೆಯೇ ಹುಟ್ಟಿ ಬೆಳೆದವಳು.

ನಾನು ದೆವ್ವಗಿವ್ವ ನಂಬುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೃದಯದ ಡಾಕ್ಟರು, ಹೆಸರು ಫಹ್ಮಿದಾ. ನನ್ನ ಅಬ್ಬಾ ಇದೇ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದರು. ಕಲ್ಲಂಗಡಿ ತಟ್ಟಿ ಒಳಗಿನದನ್ನು ಹೇಳುತ್ತಿದ್ದರು. ನಾನು ಎದೆ ಮುಟ್ಟಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ನಮ್ಮ ಇಸಿಜಿ ಯಂತ್ರ ಈಗಿನ ಕಾಲದ್ದು. ಗೆರೆ ಎಳೆಯುವುದರ ಜೊತೆಗೆ ಕಾಗದದ ತಲೆಯ ಮೇಲೆ ತನ್ನ ಅಭಿಪ್ರಾಯವನ್ನೂ ಅಚ್ಚು ಹಾಕುತ್ತದೆ. ಅದನ್ನು ಕೇಳಿದವರು ಯಾರು? ನಾನು ಆ ತಲೆಭಾಗವನ್ನು ಹಿಂದಕ್ಕೆ ಮಡಚಿ ಗೆರೆ ಓದುತ್ತೇನೆ, ಆಮೇಲೆ ರೋಗಿಯ ಎದೆಯ ಮೇಲೆ ಅಂಗೈ ಇಡುತ್ತೇನೆ. ಹೊಸದಾಗಿ ಓದಿ ಬಂದ ಡಾಕ್ಟರುಗಳು ನಗುತ್ತಾರೆ. ನಗಲಿ.

ಜಟ್ಟೆಮ್ಮ ನನ್ನನ್ನು ಹುಡುಕಿಕೊಂಡು ಬಂದದ್ದು ಈ ಅಂಗೈಯ ಸುದ್ದಿ ಕೇಳಿಯೇ. ಲಿಂಗಸುಗೂರಿನ ಕಡೆಯಿಂದ ಬಂದು ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು. ಅಲ್ಲೇ ಅಡುಗೆಗೆ ಹೋಗುವ ವಾಜಿದಾ ನನ್ನ ದೂರದ ನೆಂಟಳು. ಮಿಷಿನ್ನು ನಂಬದೆ ಕೈಯಿಟ್ಟು ನೋಡುವ ಡಾಕ್ಟರಮ್ಮ ಶಿವಾಜಿನಗರದಲ್ಲಿದ್ದಾರೆ ಎಂದು ಅವಳೇ ಹೇಳಿ ಕಳಿಸಿದ್ದಳು.

ಆ ಮಧ್ಯಾಹ್ನ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಜಟ್ಟೆಮ್ಮನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಮಗ ಈರೇಶ ಗೋಡೆಗೊರಗಿ ನಿದ್ದೆ ಹೋಗಿದ್ದ. ಟೈಲ್ಸ್ ಹಾಕುವ ಕೆಲಸದವನು, ದಪ್ಪ ಮೀಸೆಯ ಗಟ್ಟಿಮುಟ್ಟಾದ ಗಂಡಸು. ತಾಯಿ ಅವನ ಅಂಗಿಯ ಗುಂಡಿ ಬಿಚ್ಚಿ, ಒಳಗೆ ಕೈ ತೂರಿಸಿ, ಎದೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದಳು. ಒಳಗೆ ಕರೆದಾಗ ಹಾಗೆಯೇ ಅವನನ್ನು ಎಬ್ಬಿಸಿ, ಹಾಗೆಯೇ ನಡೆಸಿಕೊಂಡು ಬಂದಳು.

"ಏನಮ್ಮ, ಕೈ ತೆಗೀರಿ. ನಾನು ನೋಡ್ಬೇಕಲ್ಲ?" ಎಂದೆ.

"ಅಂವ ಪೂರಾ ಎಚ್ಚರ ಆಗ್ಲಿ ತಡೀರಿ ಡಾಕ್ಟ್ರಮ್ಮ. ನಿದ್ದಿಗಣ್ಣಾಗ ಇದ್ದಾಗ ಕೈ ತೆಗದ್ರ ಅದು ಬಂದು ಕುಂದ್ರತದ."

"ಯಾವುದು?"

ಜಟ್ಟೆಮ್ಮ ಹೆಸರು ಹೇಳಲಿಲ್ಲ. ಮಗನ ಮುಖ ನೋಡಿ, ಅವನು ಕಣ್ಣುಜ್ಜಿಕೊಂಡು ನಕ್ಕ ಮೇಲೆ, ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಆಕೆಯ ಗಂಡ ಹಂಪಣ್ಣ ಊರಿನಲ್ಲಿ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕುಸ್ತಿ ಆಡುತ್ತಿದ್ದ ಮನುಷ್ಯ. ಹಿರಿಯ ಮಗ ದುರ್ಗೇಶ, ಕೆ.ಆರ್. ಪುರದ ಬಾಡಿಗೆ ರೂಮಿನಲ್ಲಿ, ಅದೇ ರೀತಿ. ರೂಮಿಗೇ ಏನೋ ಮೆಟ್ಟಿಕೊಂಡಿದೆ ಎಂದು ತಾಯಿ ಮಗ ಅದನ್ನು ಬಿಟ್ಟು ಮಹದೇವಪುರಕ್ಕೆ ಬಂದರು. ಬಂದು ಕೆಲವು ತಿಂಗಳಾಗಿರಬೇಕು, ಅದು ವಿಳಾಸ ಕೇಳಿಕೊಂಡು ಅಲ್ಲಿಗೂ ಬಂತು.

"ಮಕ್ಕೊಂಡಲ್ಲೇ ಗೊರಗೊರ ಅಂತಾನ್ರಿ, ಯಾರೋ ಕುತ್ತಿಗಿ ಹಿಚುಕಿದಂಗ. ಎದಿ ಮ್ಯಾಲ ಕೈ ಇಟ್ರ ಒಳಗ ಏನೂ ಇರಂಗಿಲ್ಲ. ಖಾಲಿ! ನಾ ಹೆದರಿ ಕಪಾಳಕ್ಕ ಬಡೀತೀನಿ. ಆಮ್ಯಾಲ ಒಮ್ಮಿಗೇ ಧಡ್ ಅಂತ ಬರ್ತದ."

"ನಂಗೇನೂ ಗೊತ್ತಾಗಲ್ಲ ಮೇಡಂ," ಎಂದ ಈರೇಶ. ಬೆಂಗಳೂರಿನ ಮಾತು ಅವನ ನಾಲಿಗೆಗೆ ಹತ್ತಿತ್ತು. "ಬೆಳಿಗ್ಗೆ ಎದ್ರೆ ಕೆನ್ನೆ ಉರೀತಿರತ್ತೆ, ಅಷ್ಟೆ. ಅವ್ವ ಮಾತ್ರ ನಿದ್ದೇನೇ ಮಾಡಲ್ಲ."

ಎದೆ ಢವಢವ ಎನ್ನುತ್ತದೆ, ಚುಚ್ಚುತ್ತದೆ, ಹಿಡಿದುಕೊಳ್ಳುತ್ತದೆ ಎಂದು ಹೇಳುವವರನ್ನು ದಿನಾ ನೋಡುತ್ತೇನೆ. ಖಾಲಿ ಎಂದು ಹೇಳಿದವರನ್ನು ಅಲ್ಲಿಯ ತನಕ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು. ರೋಗಿ ಇನ್ನೂ ಅಂಗಿಯನ್ನೇ ಬಿಚ್ಚಿಲ್ಲ, ಡಾಕ್ಟರಿಗೆ ಹೆದರಿಕೆ!

ಈರೇಶನನ್ನು ಮಲಗಿಸಿ ನಾಡಿ ಹಿಡಿದೆ. ಕತ್ತಿನ ನರ ನೋಡಿದೆ. ಎಡಕ್ಕೆ ಹೊರಳಿಸಿ ಅಂಗೈ ಇಟ್ಟೆ. ಬಡಿತ ಇರಬೇಕಾದ ಜಾಗದಲ್ಲೇ ಇತ್ತು. ಹೃದಯದ ಗೋಡೆ ದಪ್ಪವಾಗಿ ಎಳೆಯ ವಯಸ್ಸಿನವರು ಸಾಯುವುದುಂಟು. ಅದಕ್ಕೊಂದು ಹಳೆಯ ಪರೀಕ್ಷೆ ಇದೆ. ಕುಕ್ಕರಗಾಲಿನಲ್ಲಿ ಕೂರಿಸಿ ಥಟ್ಟನೆ ನಿಲ್ಲಿಸಿದರೆ ಎದೆಯೊಳಗಿನ ಮರ್ಮರ ಜೋರಾಗುತ್ತದೆ. ಈರೇಶನನ್ನು ಕೂರಿಸಿ ನಿಲ್ಲಿಸಿ, ಕೂರಿಸಿ ನಿಲ್ಲಿಸಿ, ಸ್ಟೆತಾಸ್ಕೋಪಿಗೆ ಕಿವಿ ಕೊಟ್ಟೆ. ಏನೂ ಇಲ್ಲ. ಇಷ್ಟು ಶುದ್ಧವಾದ ಎದೆಯನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ಸಿಟ್ಟು ಬಂತು.

ಮಾರಿಯಾ ಇಸಿಜಿ ತೆಗೆದು, "ನಾರ್ಮಲ್ ಅಂತಿದೆ ಮೇಡಂ" ಎಂದಳು.

"ಅದು ಅಂದ್ರೆ ಅನ್ನಲಿ. ಎದೆಮೂಳೆ ಪಕ್ಕದ ಎರಡು ತಂತೀನ ಮೇಲಕ್ಕೆ ಹಾಕಿ ಇನ್ನೊಂದ್ಸಲ ತೆಗಿ."

ಅವೆರಡನ್ನು ಪಕ್ಕೆಲುಬುಗಳ ಮೇಲಿನ ಸಂದಿಗೆ ಏರಿಸಿದರೆ ಕೆಲವೊಮ್ಮೆ ಅಡಗಿದ್ದು ಕಾಣುತ್ತದೆ. ಈರೇಶನ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಕಂಡಿತು, ಚಾಪೆಯ ಕೆಳಗೆ ಚಮಚ ಸಿಕ್ಕಿಕೊಂಡಷ್ಟು. ಅದನ್ನು ಹಿಡಿದುಕೊಂಡು ರೋಗದ ಹೆಸರು ಹೇಳುವಂತಿರಲಿಲ್ಲ. ಬಿಡುವಂತೆಯೂ ಇರಲಿಲ್ಲ. ಹೃದಯದ ಮಾಂಸವೆಲ್ಲ ಸರಿಯಿದ್ದು ಅದರ ಕರೆಂಟು ಮಾತ್ರ ಕೆಟ್ಟಿರುವ ಒಂದು ಕಾಯಿಲೆ ಇದೆ. ವಂಶದಲ್ಲಿ ಹರಿದು ಬರುತ್ತದೆ, ಹೆಚ್ಚಾಗಿ ಗಂಡಸರನ್ನು ನಿದ್ದೆಯಲ್ಲೇ ಕೊಲ್ಲುತ್ತದೆ. ಅದು ಎಲ್ಲ ದಿನವೂ ಕಾಗದದ ಮೇಲೆ ಮುಖ ತೋರಿಸುವುದಿಲ್ಲ. ಮೈ ಬಿಸಿಯಾದಾಗ ತೋರಿಸುತ್ತದೆ.

"ಅವರಿಬ್ಬರಿಗೂ ಹೋಗೋ ಮುಂಚೆ ಜ್ವರ ಇತ್ತಾ?" ಎಂದು ಕೇಳಿದೆ.

"ಇಲ್ರಿ. ಜ್ವರ ಇದ್ದಿಲ್ಲ." ಜಟ್ಟೆಮ್ಮನಿಗೆ ಅನುಮಾನವೇ ಇರಲಿಲ್ಲ.

ದೊಡ್ಡ ಆಸ್ಪತ್ರೆಯೊಂದರಲ್ಲಿ, ಔಷಧಿ ಕೊಟ್ಟು ಆ ಗೆರೆಯನ್ನು ಹೊರಗೆಳೆದು ನೋಡುವ ಪರೀಕ್ಷೆಗೆ ಫೋನಿನಲ್ಲೇ ಮಾತಾಡಿದೆ. ಮುಂದಿನ ತಿಂಗಳ ತಾರೀಖು ಸಿಕ್ಕಿತು. ತಾಯಿ ಮಗ ಎದ್ದರು. ಬಾಗಿಲ ತನಕ ಹೋದ ಜಟ್ಟೆಮ್ಮ ತಿರುಗಿ ನಿಂತು, ಇದೂ ಒಂದು ಇರಲಿ ಎಂಬಂತೆ, "ಬರೇ ಅದರ ಕಾವು ಇತ್ರಿ" ಎಂದಳು.

"ಕಾವು ಅಂದ್ರೆ?"

"ಅದು ಯಾರನ್ನ ಒಯ್ಯತದೋ ಅವ್ರ ಮೈ ಮೊದ್ಲು ಕಾಯಿಸ್ತದ್ರಿ. ಮುಟ್ಟಿದ್ರ ಹಂಚು ಮುಟ್ಟಿದಂಗ. ಅದಕ್ಕ ಗುಳಿಗಿ ನಡ್ಯಂಗಿಲ್ಲ. ಜ್ವರ ಅಲ್ಲದು."

"ಕೂತ್ಕೊಳ್ರಮ್ಮ!" ಎಂದೆ. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು. ಅದು ಜ್ವರವೇ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಈರೇಶನ ಮೈ ಒಂಚೂರು ಬೆಚ್ಚಗಾದರೂ ಕೂಡಲೇ ಈ ಮಾತ್ರೆ ನುಂಗಿಸಬೇಕು, ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಬೇಕು, ಅಲ್ಲಿಂದ ನನಗೆ ಫೋನ್ ಮಾಡಿಸಬೇಕು. ಜಟ್ಟೆಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಡಾಕ್ಟರಿಗೆ ಎಲ್ಲರೂ ತಲೆಯಾಡಿಸುತ್ತಾರೆ.

ಹೋದ ಮೇಲೆ ಮಾರಿಯಾ ಬೆಂಚು ಒರೆಸುತ್ತ, "ಪಾಪ, ಹುಚ್ಚು ಮೇಡಂ ಅದಕ್ಕೆ" ಎಂದಳು.

ನನಗೆ ಹಾಗನ್ನಿಸಲಿಲ್ಲ. ಅಂದಿನಿಂದ ಪಕ್ಕದಲ್ಲಿ ಮಲಗಿದ ಗಂಡ ಗೊರಕೆ ನಿಲ್ಲಿಸಿದರೆ ನನಗೆ ಎಚ್ಚರವಾಗತೊಡಗಿತು. ಅವರ ಎದೆಯ ಮೇಲೆ ಕೈಯಿಟ್ಟು, ಬಡಿತ ಸಿಕ್ಕಿದ ಮೇಲೂ ಕೈ ತೆಗೆಯಲು ಧೈರ್ಯ ಸಾಲುತ್ತಿರಲಿಲ್ಲ. "ಏನಾಗಿದೆ ನಿಂಗೆ?" ಎಂದು ಅವರು ರೇಗಿದರು. ಏನಾಗಿದೆ ಎಂದು ಹೇಳಲಿ? ಎಲ್ಲೋ ಮಹದೇವಪುರದಲ್ಲಿ ಒಬ್ಬಳು ಈಗ ಎದ್ದು ಕೂತಿದ್ದಾಳೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಸ್ಪತ್ರೆ ಕೊಟ್ಟ ತಾರೀಖಿಗೆ ಮೊದಲೇ ಮಳೆ ಬಂತು. ಮಹದೇವಪುರದ ರಸ್ತೆಗಳಲ್ಲಿ ಕಾರುಗಳು ತೇಲುವುದನ್ನು ಟಿವಿಯವರು ವರ್ಷವರ್ಷವೂ ತೋರಿಸುತ್ತಾರಲ್ಲ, ಆ ಮಳೆ. ನೆಲಮಹಡಿಯ ಅವರ ರೂಮಿಗೆ ನೀರು ನುಗ್ಗಿ, ಈರೇಶ ಸೊಂಟಮಟ್ಟದ ನೀರಿನಲ್ಲಿ ಸಾಮಾನು ಸಾಗಿಸಿದ್ದ. ಮಾರನೇ ದಿನ ಹೊತ್ತು ನೆತ್ತಿಗೇರುವ ಹೊತ್ತಿಗೆ ನನ್ನ ಕ್ಲಿನಿಕ್ಕಿನ ಮುಂದೆ ಒಂದು ಆಟೋ ನಿಂತಿತು. ಮಾರಿಯಾ ಹೊರಗೋಡಿ, "ಮೇಡಂ, ಬನ್ನಿ ಬೇಗ!" ಎಂದು ಕೂಗಿದಳು.

ಆಟೋದ ಸೀಟಿನಲ್ಲಿ ಒಂದು ಕರಿ ಕಂಬಳಿಯ ಗಂಟು ಕೂತಿತ್ತು. ತಲೆಯಿಂದ ಕಾಲಿನ ತನಕ ಸುತ್ತಿದ್ದ ಆ ಗಂಟನ್ನು ಜಟ್ಟೆಮ್ಮ ಎರಡೂ ತೋಳಿನಿಂದ ತಬ್ಬಿದ್ದಳು. ಆಟೋದ ಎರಡೂ ಬದಿಗೆ ಪ್ಲಾಸ್ಟಿಕ್ ಪರದೆ ಎಳೆದು ಬಿಗಿಸಿದ್ದರು. ದಾರಿಯುದ್ದಕ್ಕೂ ಎಷ್ಟೋ ದೊಡ್ಡಾಸ್ಪತ್ರೆಗಳನ್ನು ದಾಟಿಕೊಂಡು, ಹಲಸೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಈ ಹೆಂಗಸು ನನ್ನ ಹತ್ತಿರ ಬಂದಿದ್ದಳು.

"ಹತ್ತಿರದ ಆಸ್ಪತ್ರೆಗೆ ಹೋಗಿ ಅಂತ ಬಡ್ಕೊಂಡಿದ್ದೆನಲ್ಲಮ್ಮ! ಮಾತ್ರೆ ಕೊಟ್ರಾ?"

"ನೀವು ಕೈ ಇಟ್ಟು ನೋಡಿದವ್ರು" ಎಂದಷ್ಟೇ ಹೇಳಿದಳು. ಮಾತ್ರೆಯ ಮಾತು ಎತ್ತಲಿಲ್ಲ.

ಈರೇಶನನ್ನು ಮಂಚದ ಮೇಲೆ ಮಲಗಿಸಿ ಕಂಬಳಿ ಎಳೆಯಲು ಹೋದರೆ ಜಟ್ಟೆಮ್ಮ ಅದರ ಅಂಚನ್ನು ಬಿಡಲಿಲ್ಲ. "ತೆಗೀಬ್ಯಾಡ್ರಿ! ಮೈ ಬರಿದಾದ್ರ ಅದಕ್ಕ ದಾರಿ ಸಿಗ್ತದ" ಎಂದು ಮೇಲೆ ಬಿದ್ದಳು. ನಾನೊಂದು ಕಡೆ, ಮಾರಿಯಾ ಒಂದು ಕಡೆ, ಜಗ್ಗಾಡಿ ಕಿತ್ತುಕೊಳ್ಳಬೇಕಾಯಿತು. ಒಳಗಿನಿಂದ ಹಬೆ ಎದ್ದಂತಾಯಿತು. ಈರೇಶನ ಮೈ ಕಾದ ಹಂಚು, ಆಕೆ ಹೇಳಿದ್ದು ನಿಜ. ಕಣ್ಣು ಅರ್ಧ ಮುಚ್ಚಿತ್ತು.

ಮಾರಿಯಾ ತಂತಿ ಅಂಟಿಸಿದಳು. ಕಾಗದ ಹೊರಬಂತು. ಈ ಸಲ ನಾನು ತಲೆಭಾಗವನ್ನು ಮಡಚಲಿಲ್ಲ, ನೆನಪೇ ಆಗಲಿಲ್ಲ. ಎದೆಮೂಳೆಯ ಪಕ್ಕದ ಆ ಎರಡು ತಂತಿಗಳ ಗೆರೆ ಶಿಖರಕ್ಕೇರಿ, ನೆಟ್ಟಗೆ ನೆಲಕ್ಕಿಳಿಯುವ ಬದಲು, ಹೆಂಚಿನ ಮಾಡಿನ ಹಾಗೆ ಓರೆಯಾಗಿ ಜಾರಿ ನೆಲದ ಕೆಳಕ್ಕೆ ಹೋಗುತ್ತಿತ್ತು. ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ಹಂಪಣ್ಣನನ್ನು ನಾನು ಕಂಡವಳಲ್ಲ, ದುರ್ಗೇಶನನ್ನೂ ಕಂಡವಳಲ್ಲ. ಇಬ್ಬರೂ ಆ ಕಾಗದದಲ್ಲಿ ಮಲಗಿದ್ದರು.

ಅಷ್ಟರಲ್ಲಿ ಈರೇಶನ ಗಂಟಲಿನಿಂದ ಆ ಸದ್ದು ಬಂತು. ಗೊರಗೊರ. ಕತ್ತು ಹಿಂದಕ್ಕೆ ಸೆಟೆಯಿತು. ಗೆರೆ ಚೆಲ್ಲಾಪಿಲ್ಲಿಯಾಗಿ ನಡುಗತೊಡಗಿತು.

"ಮಾರಿಯಾ, ಶಾಕ್ ಮಿಷಿನ್!" ಎಂದು ಕಿರುಚಿ ಎದೆಯ ಮೇಲೆ ಕೈಯಿಟ್ಟೆ. ಅಂಗೈಯ ಕೆಳಗೆ ಬೆವರಿತ್ತು, ಚರ್ಮವಿತ್ತು, ಮೂಳೆಯಿತ್ತು. ಒಳಗೆ ಯಾರೂ ಇರಲಿಲ್ಲ. ಇಷ್ಟು ವರ್ಷ ಸಾವಿರಾರು ಎದೆ ಮುಟ್ಟಿದ ಕೈ ಇದು. ಖಾಲಿ ಎಂದರೇನು ಎಂದು ಆಗ ಗೊತ್ತಾಯಿತು. ಎರಡೂ ಕೈ ಜೋಡಿಸಿ ಒತ್ತತೊಡಗಿದೆ. ಮಾರಿಯಾ ಯಂತ್ರವನ್ನು ದಬ್ಬಿಕೊಂಡು ಬಂದು ಪ್ಯಾಡ್ ಅಂಟಿಸುವಷ್ಟರಲ್ಲಿ ನನ್ನ ಅಂಗೈಗೆ ಒಳಗಿನಿಂದ ಯಾರೋ ಗುದ್ದಿದಂತಾಯಿತು. ಧಡ್. ಇನ್ನೊಂದು. ಗೆರೆ ತಾನಾಗಿಯೇ ಸಾಲು ಹಿಡಿಯಿತು. ಈರೇಶ ಕೆಮ್ಮಿ ಕಣ್ಣು ಬಿಟ್ಟ. ನನ್ನ ಕೈಯ ಮೇಲೆ ಇನ್ನೊಂದು ಕೈ ಇತ್ತು. ಜಟ್ಟೆಮ್ಮ ಯಾವಾಗ ಬಂದು ಇಟ್ಟಳೋ ನನಗೆ ತಿಳಿಯಲಿಲ್ಲ.

ಆಮೇಲೆ ಮಾಡಿದ್ದೆಲ್ಲ ಸಾದಾ ಕೆಲಸ. ಆಂಬುಲೆನ್ಸಿಗೆ ಹೇಳಿದೆವು. ಜ್ವರದ ಔಷಧಿಯನ್ನು ನರಕ್ಕೆ ಕೊಟ್ಟೆವು. ಕಿಟಕಿ, ಬಾಗಿಲು ತೆಗೆದು, ಫ್ಯಾನು ಜೋರು ಮಾಡಿ, ಒದ್ದೆ ಟವೆಲುಗಳನ್ನು ಈರೇಶನ ಕಂಕುಳಿಗೆ, ತೊಡೆಸಂದಿಗೆ, ಎದೆಗೆ ಹಾಕಿದೆವು. ಶಾಕ್ ಯಂತ್ರ ಪಕ್ಕದಲ್ಲೇ ತಯಾರಾಗಿ ನಿಂತಿತ್ತು. ನಡುನಡುವೆ ಇಸಿಜಿ ತೆಗೆಯುತ್ತಿದ್ದೆ. ಮೈ ತಣ್ಣಗಾದಂತೆ ಆ ಮಾಡಿನ ಇಳಿಜಾರು ಕಾಗದದಿಂದ ಕಾಗದಕ್ಕೆ ಸಣ್ಣದಾಯಿತು. ನನ್ನ ಪಕ್ಕ ನಿಂತು ಕಾಗದಗಳನ್ನೇ ನೋಡುತ್ತಿದ್ದ ಜಟ್ಟೆಮ್ಮ, "ಇಳ್ಯಾಕತ್ತದೇನ್ರಿ ಅದು?" ಎಂದು ಪಿಸುಗುಟ್ಟಿದಳು.

"ಹೌದು, ಇಳೀತಿದೆ" ಎಂದೆ. ದೆವ್ವ ಬಿಡಿಸುವವರು ಹೇಳುವ ಮಾತನ್ನೇ ನಾನೂ ಹೇಳಿದ್ದೆ.

ಜಟ್ಟೆಮ್ಮ ಒದ್ದೆ ಟವೆಲುಗಳನ್ನು ನೋಡಿದಳು. ತೆರೆದ ಕಿಟಕಿ ನೋಡಿದಳು. ಮೂಲೆಯಲ್ಲಿ ಬಿದ್ದಿದ್ದ ಕಂಬಳಿಯನ್ನು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಏನೋ ಒಂದೊಂದಾಗಿ ಸರಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಅದನ್ನು ತಡೆಯುವುದು ಹೇಗೆಂದು ತಿಳಿಯಲಿಲ್ಲ.

"ಹೊದಿಸಬಾರದಿತ್ತೇನ್ರಿ?"

ನಾನು ಟವೆಲು ಹಿಂಡುತ್ತಿದ್ದೆ. ಹಿಂಡಿದ್ದನ್ನು ಈರೇಶನ ಎದೆಗೆ ಹಾಸಿದೆ.

"ನಮ್ಮವ್ರಿಗೂ ಇದನ್ನೇ ಹೊದಿಸಿದ್ದೆ. ಬಾಗ್ಲಾ ಕಿಡಕಿ ಎಲ್ಲಾ ಹಾಕಿ, ಗಾಳಿ ಸುಳೀದಂಗ ಸಂದಿಗೆಲ್ಲಾ ಸೀರಿ ತುರುಕಿ ಕುಂತಿದ್ದೆ. ದುರ್ಗ್ಯಾ... ದುರ್ಗ್ಯಾ ಸೆಕಿ ಆಗ್ತದವ್ವ ಅಂತ ಕಾಲಾಗ ಒದ್ದು ಒದ್ದು ತೆಗದಾ. ನಾ ತಿರುಗಿ ಹೊದಿಸ್ದೆ. ಒದ್ದದ್ದು ಅಂವಲ್ಲ, ಅದು ಅಂದ್ಕೊಂಡೆ. ಮ್ಯಾಲ ಬಿದ್ದು ಒತ್ತಿ ಹಿಡ್ಕೊಂಡೆ."

ಮಾರಿಯಾ ಕೊರಳಿನ ಶಿಲುಬೆ ಹಿಡಿದುಕೊಂಡು ಆ ಕಡೆ ತಿರುಗಿದಳು. ನನಗೆ ಅಳು ಒತ್ತಿಕೊಂಡು ಬಂತು. ಅತ್ತರೆ ಆಕೆ ಇನ್ನೂ ಕುಸಿಯುತ್ತಾಳೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. "ನೋಡಿ ಜಟ್ಟೆಮ್ಮ, ಅದು ಹೊರಗಿಂದ ಬಂದಿದ್ದಲ್ಲ. ಹುಟ್ಟಿದಾಗಿಂದ ಅವರ ಎದೇಲೇ ಇತ್ತು. ಕಂಬಳಿ ಹೊದಿಸದೇ ಇದ್ರೂ ಬರ್ತಿತ್ತು."

"ಬರ್ತಿತ್ತೇನ್ರಿ?" ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

ರೋಗಿಗಳ ಮನೆಯವರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಅವತ್ತು ಹೇಳಬೇಕೆಂದು ಬಾಯಿ ತೆರೆದೆ. "ಬರಬಹುದಿತ್ತು" ಎಂಬುದಷ್ಟೇ ಬಂತು.

ಜಟ್ಟೆಮ್ಮ ಆಂಬುಲೆನ್ಸಿನ ಹಿಂಭಾಗಕ್ಕೆ ಹತ್ತುವಾಗ ಮಾರಿಯಾ ಕಂಬಳಿ ಹಿಡಿದುಕೊಂಡು ಓಡಿದಳು. ಜಟ್ಟೆಮ್ಮ ಅದರ ಕಡೆ ನೋಡಲಿಲ್ಲ. ಮಾರಿಯಾ ವಾಪಸು ತಂದು ಬೀರುವಿನಲ್ಲಿಟ್ಟಳು.

ದೊಡ್ಡಾಸ್ಪತ್ರೆಯಲ್ಲಿ ಈರೇಶನ ಎಡ ಹೆಗಲಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕೂರಿಸಿದರು. ಹೃದಯ ಖಾಲಿಯಾದರೆ ಅದೇ ಒಳಗಿನಿಂದ ಶಾಕ್ ಕೊಟ್ಟು ಎಬ್ಬಿಸುತ್ತದೆ. ಮಳೆ ಮುಗಿದ ಮೇಲೆ ತೋರಿಸಲು ಬಂದ. ಮೈ ತುಂಬಿಕೊಂಡಿದ್ದ, ಮಾತೂ ಹೆಚ್ಚಾಗಿತ್ತು.

"ಮಿಷಿನ್ನೇ ಕಾವಲು ಕಾಯತ್ತೆ, ಇನ್ಮೇಲೆ ನಿಂಗೆ ರಜಾ ಅಂತ ಅವ್ವಂಗೆ ಹೇಳ್ಬಿಟ್ಟೆ ಮೇಡಂ."

"ಎಲ್ಲಿ ಅವರು?"

"ಹೊರಗೆ ನಲ್ಲಿ ಹತ್ರ." ಅವನ ನಗು ಸಣ್ಣಗಾಯಿತು. "ನನ್ನ ಮುಟ್ಟಕ್ಕೇ ಹೆದರ್ತಾಳೆ ಮೇಡಂ. ನೀವೇ ಒಂದು ಮಾತು ಹೇಳಿ."

ಜಟ್ಟೆಮ್ಮ ಒಳಗೆ ಬಂದು ಗೋಡೆ ಪಕ್ಕ ನಿಂತಳು. ಇಳಿದುಹೋಗಿದ್ದಳು. ಎರಡೂ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡಿರಲಿಲ್ಲ. ಕಂಬಳಿ ಇಲ್ಲೇ ಇದೆ, ಬೇಕಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

ಈ ಹೆದರಿಕೆಯನ್ನು ಇವತ್ತೇ ಬಿಡಿಸಬೇಕು ಎಂದು ನನಗೆ ಹಟ ಬಂತು. ಎದೆಗೆ ಆ ಕೈ ಒಮ್ಮೆ ಮುಟ್ಟಿದರೆ ಸಾಕು, ತಾನಾಗಿ ಬಿಡುತ್ತದೆ ಎಂದುಕೊಂಡೆ. "ಬನ್ನಿ ಇಲ್ಲಿ. ಮಗನ ಎದೆ ಮೇಲೆ ಕೈ ಇಟ್ಟು ನೋಡಿ, ಎಷ್ಟು ಚೆನ್ನಾಗಿ ಹೊಡ್ಕೊಳ್ತಿದೆ!"

"ಒಂದ್ ನಿಮಿಷ ತಡೀರಿ" ಎಂದು ಜಟ್ಟೆಮ್ಮ ಮತ್ತೆ ನಲ್ಲಿಗೆ ಹೋದಳು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಬಂದು ಬಲಗೈಯನ್ನು ಈರೇಶನ ಎದೆಯ ಮೇಲೆ, ಅದೇ ಹಳೆಯ ಜಾಗದಲ್ಲಿ, ಸೋಕಿಯೂ ಸೋಕದಂತೆ ಇಟ್ಟಳು. ಈರೇಶ ಬೆಚ್ಚಿ ಮೈ ಸೆಳೆದುಕೊಂಡ.

"ದಿನಾ ಕೈ ಹಿಂಗೇ ನೀರಲ್ಲೇ ಮೇಡಂ," ಎಂದ. "ಬಕೆಟ್ ತುಂಬ ನೀರು ಹಾಸಿಗೆ ಪಕ್ಕ ಇಟ್ಕೊಂಡಿರ್ತಾಳೆ. ಅದ್ರಲ್ಲಿ ಕೈ ಅದ್ಕೊಂಡು ಬೆಳಗಿನ ತನಕ ಕೂತಿರ್ತಾಳೆ."

ನಾನು ಆ ಕೈಯನ್ನು ಹಿಡಿದುಕೊಂಡೆ. ಬೆರಳುಗಳು ನೀರಲ್ಲಿ ನೆಂದು ಸುಕ್ಕಾಗಿ ಬೆಳ್ಳಗಾಗಿದ್ದವು. ಜೀವವೇ ಇಲ್ಲದಷ್ಟು ತಣ್ಣಗಿದ್ದವು. ನನ್ನ ಎರಡು ಅಂಗೈಗಳ ನಡುವೆ ಇಟ್ಟು ಬೆಚ್ಚಗಾಗಲೆಂದು ಉಜ್ಜಿದೆ.

ಜಟ್ಟೆಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬ್ಯಾಡ್ರಿ ಡಾಕ್ಟ್ರಮ್ಮ," ಎಂದಳು. "ಕಾವು ಹತ್ತತದ."